ಉಪ್ಪಿನ ಜಾಡಿಯ ಜೈಸಲ್ಮೇರ್

ಆ ದಿನ ನಾವು ಮರುಭೂಮಿಗೆ ಹೋಗುವುದನ್ನು ಜಕ್ಕೂರು ಕೆರೆಯ ಹತ್ತಿರ ಅಭ್ಯಾಸ ಮಾಡಿದೆವು.

ನಾವು ಅಂದರೆ ನಾನು ಮತ್ತು ನನ್ನ ಯಜಮಾನರು. ರಾಜಸ್ಥಾನಕ್ಕೆ ಹೊರಡಲು ಇನ್ನೂ ಒಂದು ತಿಂಗಳಿತ್ತು. ಯಶವಂತಪುರದಲ್ಲಿ ರೈಲು ಹತ್ತಿ ಜೋಧಪುರದಲ್ಲಿ ಇಳಿಯುವುದು, ಅಲ್ಲೊಂದು ಕಾರು ಬಾಡಿಗೆಗೆ ಹಿಡಿದು ಒಂದು ವಾರ ಮರಳುಗಾಡಿನಲ್ಲಿ ನಿಧಾನವಾಗಿ ಸುತ್ತುವುದು, ಇದು ಯೋಜನೆ. ಒಂದು ಗಂಟೆ ಓಡಿಸಿದರೆ ನಿಲ್ಲಿಸಬೇಕು, ಕುರ್ಚಿ ಹಾಕಿಕೊಂಡು ಟೀ ಕುಡಿಯಬೇಕು, ಊಟವಾದ ಮೇಲೆ ಮಲಗಲೇಬೇಕು. ಅವರ ಮಂಡಿ, ನನ್ನ ಬೆನ್ನು ಎರಡನ್ನೂ ಕೇಳಿಯೇ ಮಾಡಿದ ನಿಯಮಗಳು.

ನಮ್ಮವರು ಜಾಲಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತು ರಿಟೈರ್ ಆದವರು. ಯಾವ ಕೆಲಸವನ್ನೂ ಮೊದಲು ಒಂದು ವೇಸ್ಟ್ ತುಂಡಿನ ಮೇಲೆ ಮಾಡಿ ನೋಡದೆ ಶುರು ಮಾಡುತ್ತಿರಲಿಲ್ಲ. ಹೊಸ ಕುಕ್ಕರ್ ತಂದರೆ ಬರೀ ನೀರಿಟ್ಟು ಸೀಟಿ ಹೊಡೆಸುತ್ತಿದ್ದರು. ಮದುವೆಗೆ ಹೋಗುವ ಹಿಂದಿನ ದಿನ ಛತ್ರದವರೆಗೆ ಹೋಗಿ, ಗೇಟು ನೋಡಿ ವಾಪಸ್ ಬರುತ್ತಿದ್ದರು. ಹಾಗಿರುವಾಗ ಮರುಭೂಮಿಯನ್ನು ಸುಮ್ಮನೆ ಬಿಡುತ್ತಾರೆಯೇ.

ಶೆಟ್ಟಿಹಳ್ಳಿಯ ನಮ್ಮ ಮನೆಯಿಂದ ಜಕ್ಕೂರಿಗೆ ಒಂದು ಗಂಟೆಗೂ ಮೇಲೆ ಹಿಡಿಯಿತು.

“ಅಲ್ಲಾದ್ರೆ ಜೋಧಪುರ ಬಿಟ್ಟು ಇಷ್ಟೊತ್ತಿಗೆ ಓಸಿಯಾಂ ಮುಟ್ಟಿರ್ತಿದ್ವಿ,” ಅಂದರು.

“ಅಲ್ಲಿ ಹೆಬ್ಬಾಳ ಇಲ್ವಲ್ರೀ,” ಅಂದೆ.

ಹೊಸದಾಗಿ ಏಳುತ್ತಿದ್ದ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿನ ಪಕ್ಕ ಹೊಂಗೆ ಮರದ ನೆರಳಿತ್ತು. ಅಲ್ಲಿ ಕಾರು ನಿಲ್ಲಿಸಿ, ಮಡಚುವ ಕುರ್ಚಿ ಎರಡು ಹಾಕಿ, ಫ್ಲಾಸ್ಕ್ ತೆಗೆದು ಟೀ ಕುಡಿದೆವು. ಆಮೇಲೆ ಅವರು ಡಿಕ್ಕಿಯಿಂದ ದೊಡ್ಡ ಕೊಡೆ ಮತ್ತು ನನ್ನ ಹಳೆಯ ಸೀರೆ ಹೊರಗೆ ತೆಗೆದರು.

ಈ ಕೊಡೆಗೆ ಕಾರಣ ನನ್ನ ನಾದಿನಿ. ಇವರ ತಂಗಿ, ಆರ್.ಟಿ. ನಗರದಲ್ಲಿದ್ದಾಳೆ, ವಾರಕ್ಕೊಮ್ಮೆ ಬಂದು ನಮ್ಮನ್ನು ತಿದ್ದಿ ಹೋಗುತ್ತಾಳೆ. ಪ್ರವಾಸದ ಸುದ್ದಿ ಕೇಳಿದ ದಿನವೇ ಶುರು ಮಾಡಿದ್ದಳು.

“ಮರಳು ನೋಡೋಕೆ ಅಷ್ಟು ದೂರ ಯಾಕಣ್ಣ? ನಮ್ ಬೀದಿಗೆ ಬಾ. ಎದುರು ಮನೆಯವರು ಎಂ-ಸ್ಯಾಂಡ್ ಗುಡ್ಡೆ ಹಾಕ್ಸಿದ್ದಾರೆ. ಮೇಲೆ ನಾಯಿ ಮಲ್ಗಿದೆ. ಒಂಟೆ ಒಂದು ಕಮ್ಮಿ.”

ಅಣ್ಣ ನಕ್ಕಾಗ ನಿಜವಾದ ಪ್ರಶ್ನೆ ಬಂತು. “ಅಲ್ಲಿ ಮರೆಗೆ ಒಂದು ಗಿಡಾನೂ ಇರಲ್ವಂತೆ. ಅತ್ತಿಗೆ ದಾರೀಲಿ ಎಲ್ಲಿಗೆ ಹೋಗ್ಬೇಕು?”

ಅವರು ಎರಡು ದಿನ ಕೊಡೆ ಬಿಚ್ಚುತ್ತಾ, ಮಡಚುತ್ತಾ, ಟೇಪು ಹಿಡಿದು ಅಳೆಯುತ್ತಾ ಕಳೆದರು. ಮೂರನೆಯ ದಿನ ಕೊಡೆಯ ಅಂಚಿಗೆ ಸೀರೆಯನ್ನು ಬಟ್ಟೆ ಕ್ಲಿಪ್ಪುಗಳಿಂದ ಸುತ್ತಲೂ ಸಿಕ್ಕಿಸಿ, ಹಜಾರದಲ್ಲಿ ಒಂದು ಗುಡಾರ ನಿಲ್ಲಿಸಿದ್ದರು.

ಅದರ ಟ್ರಯಲ್ಲೂ ಈಗ ಕೆರೆಯ ಹತ್ತಿರ ಆಗಬೇಕಿತ್ತು. “ಸುಮ್ನೆ ಒಳಗೆ ನಿಂತ್ಕೋ, ಗಾಳಿಗೆ ತಡೆಯುತ್ತಾ ನೋಡ್ತೀನಿ,” ಅಂದರು. ನಾನು ಒಳಗೆ ನಿಂತೆ. ಅವರು ಕೊಡೆ ಎತ್ತಿ ಹಿಡಿದು, ಮರ್ಯಾದೆಯಿಂದ ಮುಖ ಆ ಕಡೆ ತಿರುಗಿಸಿ ನಿಂತರು. ಅಷ್ಟರಲ್ಲಿ ಹೊರಗಿನಿಂದ ಒಂದು ಹುಡುಗಿಯ ದನಿ ಕೇಳಿತು.

“ಅಂಕಲ್, ಸೈಟ್ ವಿಸಿಟ್‌ಗೆ ಬಂದ್ರಾ? ಆಂಟಿ ಬಂದಿಲ್ವಾ?”

ನಾನು ಸೀರೆ ಸರಿಸಿ ಹೊರಗೆ ಬಂದೆ. ಅಪಾರ್ಟ್‌ಮೆಂಟ್ ಮಾರುವ ಆಫೀಸಿನ ಹುಡುಗಿ ಅವಳು. ಪಾಪ, ಒಂದು ಹೆಜ್ಜೆ ಹಿಂದಕ್ಕೆ ಹೋದಳು. ಆಮೇಲೆ ಸುಧಾರಿಸಿಕೊಂಡು ಮಜ್ಜಿಗೆ ತರಿಸಿದಳು. ಮಜ್ಜಿಗೆ ಕುಡಿದ ಮೇಲೆ ಮನೆ ನೋಡದೆ ಹೇಗೆ ಬರುವುದು? ಮಾಡೆಲ್ ಫ್ಲಾಟ್‌ಗೆ ಹೋದೆವು. ಬಾಲ್ಕನಿಯ ಬಾಗಿಲು ತೆರೆದು, “ನೋಡಿ ಅಂಕಲ್, ಇಡೀ ಕೆರೆ ಕಾಣುತ್ತೆ,” ಅಂದಳು.

“ಚೆನ್ನಾಗಿದೆ ಕಣಮ್ಮ,” ಅಂದರು ಇವರು. “ಆದ್ರೆ ನಮಗೆ ಎಲ್ಲೂ ನೀರು ಕಾಣದೇ ಇರೋ ಜಾಗ ಬೇಕು.”

ಅವಳು ಅದನ್ನು ಫೋನಿನಲ್ಲಿ ಬರೆದುಕೊಂಡಳು. ಬೆಡ್‌ರೂಮಿನಲ್ಲಿ ಹಾಸಿಗೆ ಒತ್ತಿ ನೋಡುತ್ತೇನೆಂದು ಇವರು ಕುಳಿತರು. ಗಡಿಯಾರ ನೋಡಿ, “ಇದು ನಮ್ಮ ರೆಸ್ಟ್ ಟೈಮು,” ಅಂದು ಹಾಗೇ ಒರಗಿದರು. ಏಸಿ ಹಾಕಿತ್ತು. ನಾನು ಆ ಹುಡುಗಿಯ ಜೊತೆ ಅಡುಗೆಮನೆಯ ಕಟ್ಟೆ, ಪಾತ್ರೆ ತೊಳೆಯುವ ಜಾಗ, ಬಟ್ಟೆ ಒಣಗಿಸುವ ಜಾಗ ಎಲ್ಲವನ್ನೂ ಎರಡೆರಡು ಸಲ ನೋಡಿದೆ. ಒಳಗಿನಿಂದ ಗೊರಕೆ ಕೇಳುತ್ತಿತ್ತು. ಎದ್ದು ಬಂದವರು, “ವಿಶ್ರಾಂತಿ ವ್ಯವಸ್ಥೆ ಪಾಸು,” ಅಂದರು.

ವಾಪಸ್ ಬರುವಾಗ ನಾನು ಕಾರು ಓಡಿಸಿದೆ. ಲೈಸೆನ್ಸ್ ಬಂದು ಬಹಳ ಕಾಲವಾಗಿದ್ದರೂ ನನಗೆ ಗೇರ್ ಯಾವಾಗ ಬದಲಾಯಿಸಬೇಕು ಅನ್ನುವುದು ತಿಳಿಯುತ್ತಿರಲಿಲ್ಲ. ಇಂಜಿನ್ನಿನ ಸದ್ದು ಕೇಳು, ಅದೇ ಹೇಳುತ್ತೆ ಅನ್ನುತ್ತಿದ್ದರು. ನನಗೆ ಅದು ಯಾವಾಗಲೂ ಒಂದೇ ಥರ ಗುರ್ ಅನ್ನುತ್ತಿತ್ತು. ಅವರು ಪಕ್ಕದಲ್ಲಿ ಕುಳಿತು, ರಸ್ತೆಯನ್ನೂ ನೋಡದೆ, ಕಣ್ಣು ಅರ್ಧ ಮುಚ್ಚಿ, “ಈಗ,” ಅನ್ನುತ್ತಿದ್ದರು. ನಾನು ಗೇರ್ ಹಾಕುತ್ತಿದ್ದೆ. ಎರಡನೆಯದಕ್ಕೆ ಒಂದು ‘ಈಗ’, ಮೂರನೆಯದಕ್ಕೆ ಒಂದು. ಅಪರೂಪಕ್ಕೆ, ಭಾನುವಾರ ಬೆಳಿಗ್ಗೆ, ನಾಲ್ಕನೆಯದಕ್ಕೂ ಒಂದು. ಐದನೇ ಗೇರನ್ನು ನಾನು ಜೀವನದಲ್ಲಿ ಮುಟ್ಟಿರಲಿಲ್ಲ. ನಮ್ಮ ಕಡೆಯ ರಸ್ತೆಗಳಲ್ಲಿ ಅದಕ್ಕೆ ಜಾಗವೆಲ್ಲಿ.

ಈ ಪ್ರವಾಸ ಹುಟ್ಟಿದ್ದೇ ಅದರಿಂದ. ಹೆಬ್ಬಾಳದ ಫ್ಲೈಓವರ್ ಮೇಲೆ ಮುಂದಕ್ಕೂ ಹೋಗದೆ ಹಿಂದಕ್ಕೂ ಬರದೆ ಸಿಕ್ಕಿಕೊಂಡಿದ್ದಾಗ ನಾನು, “ಸಾಯೋದ್ರೊಳಗೆ ಒಂದ್ಸಲ ಐದನೇ ಗೇರ್ ಹಾಕ್ಬೇಕ್ರೀ,” ಅಂದಿದ್ದೆ. ತಮಾಷೆಗೆ ಅಂದದ್ದು. ಅವರು ಅದನ್ನು ಕೆಲಸದ ಆರ್ಡರ್ ಥರ ತೆಗೆದುಕೊಂಡರು. ಜೈಸಲ್ಮೇರಿನ ದಾರಿಯಲ್ಲಿ ಕಣ್ಣು ಹಾಯಿಸಿದಷ್ಟು ದೂರ ನೆಟ್ಟಗಿನ ರಸ್ತೆ, ಮುಂದೆ ಯಾರೂ ಇಲ್ಲ, ಅಲ್ಲಿ ಹಾಕಿಸುತ್ತೇನೆ ಅಂದರು.

ಆ ಸಂಜೆ ಮನೆಗೆ ಬಂದು, ದಿನವೂ ಮಾಡುವಂತೆ ಊಟದ ಟೇಬಲ್ಲಿನ ಮುಂದೆ ನಿಂತರು. ಫೋನಿನ ಮ್ಯಾಪು ಅವರಿಗೆ ಆಗುತ್ತಿರಲಿಲ್ಲ, ಕಣ್ಣಿಗೆ ಚಿಕ್ಕದು. ಅದಕ್ಕೆ ರಾಜಸ್ಥಾನವನ್ನು ಟೇಬಲ್ಲಿನ ಮೇಲೆ ಹರಡಿದ್ದರು. ಮಸಾಲೆ ಡಬ್ಬಿ ಜೋಧಪುರ. ಕಾಫಿ ಲೋಟ ಓಸಿಯಾಂ. ಉಪ್ಪಿನಕಾಯಿ ಜಾಡಿ ಫಲೋಡಿ. ಉಪ್ಪಿನ ಜಾಡಿ ಜೈಸಲ್ಮೇರ್. ತುಪ್ಪದ ಡಬ್ಬಿ ಬಾರ್ಮೇರ್, ಅಲ್ಲಿಂದ ತಿರುಗಿ ಮಸಾಲೆ ಡಬ್ಬಿ. ನಮ್ಮ ಕಾರು ಒಂದು ನಿಂಬೆಹಣ್ಣು. ಅಡುಗೆ ಮಾಡುವಾಗ, “ಜೈಸಲ್ಮೇರ್ ಕೊಡ್ರೀ, ಸಾರು ಸಪ್ಪೆಯಾಗಿದೆ,” ಅನ್ನುವುದು ನನಗೆ ರೂಢಿಯಾಗಿ ಹೋಗಿತ್ತು. ಒಮ್ಮೆ ಅವರಿಗೆ ಹೇಳದೆ ಕಾರನ್ನೇ ಚಿತ್ರಾನ್ನಕ್ಕೆ ಹಿಂಡಿಬಿಟ್ಟಿದ್ದೆ. “ಇನ್ಶೂರೆನ್ಸ್ ಇಲ್ಲ ಕಣೇ ಅದಕ್ಕೆ,” ಅಂದು ಅಂಗಡಿಗೆ ಹೋಗಿ ಬೇರೆ ತಂದಿದ್ದರು.

ಆ ಸಂಜೆ ನಿಂಬೆಹಣ್ಣನ್ನು ಓಸಿಯಾಂವರೆಗೆ ತಳ್ಳಿ, “ಇವತ್ತಿಗೆ ಸಾಕು,” ಅಂದರು.

ಮರುದಿನ ಬೆಳಿಗ್ಗೆ ಹಾಲು ತರಲು ಹೋದವರು ಗೇಟಿನ ಹತ್ತಿರ ಕುಳಿತುಬಿಟ್ಟರು. ಪಕ್ಕದ ಮನೆಯವರು ಕಾರು ತಂದರು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಆಮೇಲೆ ಹೇಳಿದರು. ಇದೊಂದಕ್ಕೆ ಟ್ರಯಲ್ ಇರಲಿಲ್ಲ.

ಕಾರ್ಯಗಳೆಲ್ಲ ಮುಗಿಯುವ ಹೊತ್ತಿಗೆ ನೆಂಟರು ಟೇಬಲ್ ಒರೆಸಿ, ರಾಜಸ್ಥಾನವನ್ನೆಲ್ಲ ಎತ್ತಿ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದ್ದರು. ಬಾರ್ಮೇರ್ ಪಕ್ಕಕ್ಕೇ ಓಸಿಯಾಂ ಬಂದಿತ್ತು. ಮಾರನೆಯ ದಿನ ಉಳಿದವರು ನಾಲ್ಕೈದು ಜನ ಊಟಕ್ಕೆ ಕುಳಿತೆವು. ಸಾರು ಯಾರೋ ಮಾಡಿದ್ದು, ಸಪ್ಪೆ.

“ಆ ಜೈಸಲ್ಮೇರ್ ಸ್ವಲ್ಪ ಈ ಕಡೆ ಕೊಡಿ,” ಅಂದೆ.

ಎಲ್ಲರ ಕೈ ನಿಂತಿತು. ದೂರದ ನೆಂಟರೊಬ್ಬರು ನನ್ನ ನಾದಿನಿಯ ಕಡೆಗೆ ಬಾಗಿ, ಪಿಸುಮಾತು ಅಂದುಕೊಂಡು, “ತಲೆಗೆ ಹಚ್ಕೊಂಡಿದ್ದಾರೆ ಕಣಮ್ಮ. ಯಾರಾದ್ರೂ ಒಳ್ಳೆ ಡಾಕ್ಟ್ರಿಗೆ ತೋರಿಸಿ,” ಅಂದರು.

ನಾದಿನಿ ಎದ್ದು ಹೋಗಿ ಉಪ್ಪಿನ ಜಾಡಿ ತಂದು ನನ್ನ ಮುಂದೆ ಇಟ್ಟಳು. “ನಮ್ಮ ಅತ್ತಿಗೆ ಸರಿಯಾಗೇ ಇದ್ದಾರೆ,” ಅಂದಳು. “ಅತ್ತಿಗೆ, ಫಲೋಡಿನೂ ತರ್ಲಾ? ನಿಂಬೆಕಾಯಿದೋ, ಮಾವಿನಕಾಯಿದೋ?”

ನನಗೆ ನಗು ಬಂತು. ಅಷ್ಟು ದಿನದಲ್ಲಿ ಮೊದಲ ಸಲ. ನಕ್ಕಿದ್ದನ್ನು ನೋಡಿ ಆ ನೆಂಟರು ತಮ್ಮ ಅಭಿಪ್ರಾಯ ಇನ್ನೂ ಗಟ್ಟಿ ಮಾಡಿಕೊಂಡರು.

ಟಿಕೆಟ್ ರದ್ದು ಮಾಡಿಸಲು ಬಂದ ದಿನ ನಾದಿನಿಯೇ ಮಾತೆತ್ತಿದಳು. “ನಾವಿಬ್ರೂ ಹೋಗೋಣ ಅತ್ತಿಗೆ. ಚಳಿ ಶುರುವಾದ ಮೇಲೆ. ಕೊಡೆ ನಾನು ಹಿಡೀತೀನಿ.”

“ಎಂ-ಸ್ಯಾಂಡ್ ಖಾಲಿ ಆಯ್ತಾ ನಿಮ್ ಬೀದೀಲಿ?”

“ಎದುರು ಮನೆ ಮೇಲೆ ಇನ್ನೊಂದು ಮಹಡಿ ಎದ್ದೋಯ್ತು. ಈಗ ಬಿಸಿಲೂ ಬರಲ್ಲ ನಮಗೆ.”

ಮರುಭೂಮಿಯಲ್ಲಿ ಓಡಿಸಬೇಕಾದವಳು ನಾನೇ. ಅವಳಿಗೆ ಸೈಕಲ್ಲೂ ಬರುವುದಿಲ್ಲ. ಅದಕ್ಕೆ ಭಾನುವಾರ ಬೆಳಿಗ್ಗೆ ಯಲಹಂಕ ದಾಟಿ ದೊಡ್ಡಬಳ್ಳಾಪುರದ ರಸ್ತೆಗೆ ಹೋಗಿ ಅಭ್ಯಾಸ ಮಾಡತೊಡಗಿದೆವು. ಅವರ ಪದ್ಧತಿ ಇಬ್ಬರಿಗೂ ಅಂಟಿಕೊಂಡಿದೆ. ಗೇರಿನ ವಿಷಯ ಹೇಳಿದಾಗ ಅವಳು, “ಅಷ್ಟೇ ತಾನೇ? ನಾನ್ ಹೇಳ್ತೀನಿ ಬಿಡಿ,” ಅಂದಳು. ಬಸ್ಸು ಕಂಡರೆ “ಈಗ” ಅಂದಳು. ಎಮ್ಮೆ ಕಂಡರೆ “ಈಗ” ಅಂದಳು. ರೋಡ್ ಹಂಪಿನ ಮೇಲೆ ಒಂದು “ಈಗ”. ಅವಳ ಮಾತು ನಂಬಿ ಒಮ್ಮೆ ಎರಡನೆಯದರಿಂದ ನೇರ ನಾಲ್ಕಕ್ಕೆ ಹೋದೆ. ಕಾರು ಕೆಮ್ಮಿ ನಿಂತಿತು. ಹಿಂದಿನ ಟೆಂಪೋದವನು ಹಾರ್ನ್ ಹೊಡೆದ. ಇವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಅಣ್ಣ, ಟ್ರಯಲ್ ನಡೀತಿದೆ, ಸೈಡಲ್ಲಿ ಹೋಗಿ,” ಅಂದಳು.

ಹೋದ ಭಾನುವಾರ ರಸ್ತೆ ಖಾಲಿ ಇತ್ತು. ನಾಲ್ಕನೇ ಗೇರಿನಲ್ಲಿ ಕಾರು ಸಲೀಸಾಗಿ ಹೋಗುತ್ತಿತ್ತು. ಮುಂದೆ ಯಾರೂ ಇರಲಿಲ್ಲ. ನಾದಿನಿ, ಯಾವತ್ತೂ ಇಲ್ಲದವಳು, ಬಾಯಿ ಮುಚ್ಚಿ ಕುಳಿತಿದ್ದಳು. ನಾನು ಕ್ಲಚ್ ಮೇಲೆ ಕಾಲಿಟ್ಟು, ಗೇರಿನ ಮೇಲೆ ಕೈಯಿಟ್ಟು ಇಂಜಿನ್ನಿನ ಸದ್ದು ಕೇಳಿದೆ. ಗುರ್ ಅನ್ನುತ್ತಿತ್ತು. ಸ್ವಲ್ಪ ದೂರ ಹಾಗೇ ಹೋದೆವು. ಆಮೇಲೆ ಮುಂದೆ ಒಂದು ಲಾರಿ ಬಂತು, ಮೂರಕ್ಕೆ ಇಳಿಸಿದೆ.

ಜಾಡಿಗಳು ಟೇಬಲ್ಲಿಗೆ ವಾಪಸ್ ಬಂದಿವೆ. ಹೊಸ ನಿಂಬೆಹಣ್ಣು ಓಸಿಯಾಂ ಹತ್ತಿರ ನಿಂತಿದೆ. ಟಿಕೆಟ್ ಮತ್ತೆ ಬುಕ್ ಮಾಡಿಸಿದ್ದೇವೆ. ಐದನೇ ಗೇರ್ ನಾನಿನ್ನೂ ಹಾಕಿಲ್ಲ. ಕಾರಿನಲ್ಲಿ ಇಂಜಿನ್ನಿನ ಸದ್ದು ಕೇಳಿ ‘ಈಗ’ ಅನ್ನುವವರು ಇಲ್ಲ.