ಗಡಿಯಮ್ಮ ಮತ್ತು ಬೆಟ್ಟ ಹತ್ತಿದ ನದಿ

ಇತಿಹಾಸ, ಭೂಗೋಳ ಓದಲೇಬೇಕೆಂದು ಹಟ ಹಿಡಿದವನು ನಾನಲ್ಲ. ಅರ್ಜಿ ಹಾಕಲು ಹೋದದ್ದು ಕೊನೇ ದಿನ, ಅದೂ ಮಧ್ಯಾಹ್ನದ ಮೇಲೆ. ಕ್ರೈಸ್ತರ ಕಾಲೇಜಿನ ಕಿಟಕಿಯೊಳಗೆ ಕೂತಿದ್ದ ಗುಮಾಸ್ತರು ನನ್ನ ಅಂಕಪಟ್ಟಿ ನೋಡಿ, ಆಮೇಲೆ ನನ್ನ ಮುಖ ನೋಡಿ, "ಇದಕ್ಕೆ ಇದೇ" ಅಂದರು. ಮನೆಯಲ್ಲಿ ಅಕ್ಕ ಸಮಾಧಾನ ಹೇಳಿದಳು: "ಒಳ್ಳೇದೇ ಆಯ್ತು ಬಿಡೋ. ನಿನ್ನೆ ಏನಾಯ್ತು ಅಂತ ನಿಂಗೆ ನೆನಪಿರಲ್ಲ, ಹೋಗಬೇಕಾದ ಬೀದಿ ಯಾವ ಕಡೆ ಅಂತ ಗೊತ್ತಿರಲ್ಲ. ಎರಡೂ ಒಟ್ಟಿಗೆ ಕಲೀಬಹುದು."

ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆವರೆಗೆ ಕೊರಿಯರ್ ಆಫೀಸಿನಲ್ಲಿ ಪಾರ್ಸೆಲ್ ವಿಂಗಡಿಸುವುದು ನನ್ನ ಕೆಲಸ. ಬೀದಿ ನೋಡಿ ಚೀಲಕ್ಕೆ ಎಸೆಯಬೇಕು. ಭೂಗೋಳದ ವಿದ್ಯಾರ್ಥಿ ಎಂಬ ಗೌರವಕ್ಕೆ ನನ್ನನ್ನು ಅಲ್ಲಿ ನಿಲ್ಲಿಸಿದ್ದರು, ಅದೇ ಗೌರವದಿಂದ ವಾರಕ್ಕೆ ಎರಡು ಸಲ ಬೈಯುತ್ತಿದ್ದರು. ಮ್ಯಾನೇಜರ್ ಮಾತ್ರ ಒಂದು ಮಾತು ಕೊಟ್ಟಿದ್ದರು: ಈ ವರ್ಷ ಡಿಗ್ರಿ ಸರ್ಟಿಫಿಕೇಟ್ ತಂದರೆ ಕೌಂಟರಿನಲ್ಲಿ ಕುರ್ಚಿ. ದಿನಾ ನಾಲ್ಕು ಗಂಟೆ ನಿಂತೇ ಇರುವವನಿಗೆ ಕುರ್ಚಿ ಅಂದರೆ ಏನು ಅಂತ ಕೂತವರಿಗೆ ಗೊತ್ತಾಗುವುದಿಲ್ಲ.

ಆ ಕುರ್ಚಿಗೂ ನನಗೂ ನಡುವೆ ಅಡ್ಡ ಕೂತಿದ್ದವರು ಗಡಿಯಮ್ಮ.

ಕಾಲೇಜಿನ ಎರಡನೇ ಮಹಡಿಯ ತುದಿಯಲ್ಲಿ ನಕ್ಷೆ ಕೋಣೆ. ಅದರ ಅಟೆಂಡರ್ ಆಕೆ. ತಮ್ಮ ಮೇಜನ್ನು ಬಾಗಿಲಿಗೇ ಅಡ್ಡ ಹಾಕಿಕೊಂಡು, ಒಬ್ಬ ಮನುಷ್ಯ ಓರೆಯಾಗಿ ನುಸುಳುವಷ್ಟು ಜಾಗ ಬಿಟ್ಟು ಕೂತಿರುತ್ತಿದ್ದರು. ಒಳಗೆ ಬರುವವನು ಕೈ ತೊಳೆದು, ಎರಡೂ ಮಗ್ಗುಲು ತೋರಿಸಿ, ಪುಸ್ತಕದಲ್ಲಿ ಹೆಸರು, ನಕ್ಷೆಯ ನಂಬರು, ಬಂದ ಹೊತ್ತು ಬರೆಯಬೇಕು. ಬರೆಯದೆ ಕಾಲಿಟ್ಟರೆ ಮರದ ಸ್ಕೇಲು ಮೊಣಕಾಲಿಗೆ ಬೀಳುತ್ತಿತ್ತು. ಗಡಿಯಮ್ಮ ಅನ್ನುವ ಹೆಸರು ಯಾವ ಬ್ಯಾಚಿನವರು ಇಟ್ಟರೋ ಗೊತ್ತಿಲ್ಲ. ಎದುರಿಗೆ ಎಲ್ಲರೂ "ಅಮ್ಮಾ" ಅನ್ನುತ್ತಿದ್ದೆವು, ಹಲ್ಲು ಕಚ್ಚಿಕೊಂಡು.

ಆಕೆಯ ಗಂಡ ಇದೇ ಕಾಲೇಜಿನ ಬಸ್ಸಿನ ಡ್ರೈವರು. ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು, ಬಸ್ಸನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿ, ಕೀಲಿ ತಿರುಗಿಸಿ, ಸ್ಟಿಯರಿಂಗಿನ ಮೇಲೇ ತಲೆಯಿಟ್ಟು ಹೋಗಿಬಿಟ್ಟರಂತೆ. ಬಸ್ಸಿನಲ್ಲಿದ್ದ ಒಬ್ಬರಿಗೂ ಒಂದು ಗೀರಾಗಲಿಲ್ಲ. ಆಗಿನ ಪ್ರಿನ್ಸಿಪಾಲ್ ಫಾದರ್ ಮುಂದಿನ ತಿಂಗಳೇ ಹೆಂಡತಿಗೆ ಕೆಲಸ ಕೊಟ್ಟರು. ಓದಿದ್ದು ಏಳನೇ ಕ್ಲಾಸು. ಮೊದಲು ಹಾಸ್ಟೆಲಿನ ಅಡುಗೆಮನೆಗೆ ಹಾಕಿದರು, ಅಡುಗೆಯವರ ಜೊತೆ ಜಗಳ. ಆಫೀಸಿಗೆ ಹಾಕಿದರು, ಗುಮಾಸ್ತರ ಜೊತೆ ಜಗಳ. ಕೊನೆಗೆ ಯಾರೂ ಬಾರದ ನಕ್ಷೆ ಕೋಣೆಗೆ ಕಳಿಸಿದರು, ಇನ್ನು ದೇಶಗಳ ಜೊತೆ ಜಗಳಾಡಿಕೊಂಡಿರಲಿ ಅಂತ. ಅಲ್ಲಿ ಇಪ್ಪತ್ತಾರು ವರ್ಷ. ಹರಿದ ನಕ್ಷೆಯ ಬೆನ್ನಿಗೆ ಬಟ್ಟೆ ಅಂಟಿಸುವುದು, ಮಡಿಕೆ ಬಿಡಿಸುವುದು, ಯಾವ ಹಾಳೆ ಯಾವ ಬೀರುವಿನ ಯಾವ ಖಾನೆಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುವುದು, ಎಲ್ಲವನ್ನೂ ಯಾರನ್ನೂ ಕೇಳದೆ ಕಲಿತರು. ದೂರದೂರಿನಲ್ಲಿ ನರ್ಸ್ ಆಗಿರುವ ಮಗಳು ಬಾ ಬಾ ಅಂದರೆ, "ಅಲ್ಲಿ ನಂಗೇನು ಕೆಲ್ಸ? ಅಳಿಯನ ಮುಖ ನೋಡ್ತಾ ಕೂರೋದಾ?" ಅನ್ನುತ್ತಿದ್ದರು, ಕಾರಿಡಾರಿಗೆಲ್ಲ ಕೇಳುವಂತೆ.

ನಮ್ಮ ಪ್ರಾಕ್ಟಿಕಲ್ಲಿಗೆ ಹದಿನಾಲ್ಕು ನಕ್ಷೆಗಳ ರೆಕಾರ್ಡ್ ಪುಸ್ತಕ ಕೊಡಬೇಕು. ನಕ್ಷೆ ಕೋಣೆಯಲ್ಲಿ ಗಾಜಿನ ಮೇಜೊಂದಿದೆ, ಕೆಳಗೆ ಬಲ್ಬು. ಗಾಜಿನಡಿ ನಕ್ಷೆ, ಮೇಲೆ ತೆಳು ಹಾಳೆ. ಕಂಡ ಗೆರೆಯ ಮೇಲೆ ಗೆರೆ ಎಳೆಯಬೇಕು. ನಾನು ಮೊದಲ ಸಲ ಹೋದಾಗ ಬೆರಳಿಗೆ ಪಾರ್ಸೆಲ್ಲಿನ ಗೋಂದು ಮೆತ್ತಿತ್ತು.

"ಏನೋ ಪಾರ್ಸೆಲ್ಲು, ಈ ಕೈಯಲ್ಲಿ ಗಾಜು ಮುಟ್ತೀಯಾ? ಅಂಟ್ಕೊಂಡ್ರೆ ನಕ್ಷೆ ಜೊತೆ ನಿನ್ನೂ ಬೀರುಗೆ ಹಾಕ್ಬೇಕಾಗುತ್ತೆ."

ಎರಡನೇ ಸಲ ಹತ್ತು ನಿಮಿಷ ತಡವಾಗಿ ಹೋಗಿ ಬೈಸಿಕೊಂಡು, ಒಂದು ಹಾಳೆ ಮುಗಿಸಿ ಬಂದೆ. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಸೀನಿಯರ್ ಒಬ್ಬನ ರೆಕಾರ್ಡ್ ಪುಸ್ತಕ ತಂದು ಮನೆಯ ಕಿಟಕಿ ಗಾಜಿಗೆ ಒತ್ತಿ ನಕಲು ಹೊಡೆದೆ. ಅವನು ಅವನ ಸೀನಿಯರಿಂದ ಹೊಡೆದಿದ್ದ. ನಮ್ಮ ಕ್ಲಾಸಿನ ಹದಿನೇಳು ಜನರೂ ಹೀಗೇ. ಭೂಗೋಳದ ಮೇಷ್ಟ್ರು ಪುಟ ತಿರುಗಿಸುವ ಗಾಳಿಗೇ ಟಿಕ್ ಹಾಕುತ್ತಿದ್ದರು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ನನ್ನ ಒಂಬತ್ತನೇ ನಕ್ಷೆಯ ಮೇಲೆ ಬೆರಳಿಟ್ಟರು.

"ಇದೇನಪ್ಪ?"

"ನದಿ, ಸಾರ್."

"ಎಲ್ಲಿಂದ ಎಲ್ಲಿಗೆ ಹೋಗುತ್ತೆ?"

"ಇಲ್ಲಿಂದ... ಇಲ್ಲಿಗೆ, ಸಾರ್."

"ನಡುವೆ ಎಂಟುನೂರು ಮೀಟರ್ ಬೆಟ್ಟ ಇದೆಯಲ್ಲ. ಹತ್ತಿ ಇಳಿಯುತ್ತಾ?"

"ಮಳೆಗಾಲದಲ್ಲಿ, ಸಾರ್."

ಅವರು ನಗಲಿಲ್ಲ. ಪಕ್ಕದವನ ಪುಸ್ತಕ ತೆಗೆದರು. ಅಲ್ಲೂ ಅದೇ ನದಿ. ಹದಿನೇಳು ಪುಸ್ತಕಗಳಲ್ಲೂ ಅದೇ ನದಿ ಅದೇ ಬೆಟ್ಟ ಹತ್ತುತ್ತಿತ್ತು, ಪ್ರತಿಯೊಂದರ ಕೆಳಗೂ ಮೇಷ್ಟ್ರ ಕೆಂಪು ಟಿಕ್. ಕಾಲೇಜು ಲಿಖಿತವಾಗಿ ಕಾರಣ ಕೊಡುವವರೆಗೆ ಅಂಕ ಹಾಕುವುದಿಲ್ಲ ಎಂದು ಪರೀಕ್ಷಕರು ಪೆನ್ನು ಜೇಬಿಗಿಟ್ಟರು.

ಮೇಷ್ಟ್ರು ಓಡಿಹೋಗಿ ಮೂಲ ನಕ್ಷೆ ನೋಡಿದರು. ಮಡಿಕೆಯಲ್ಲಿ ನಾಲ್ಕು ಬೆರಳುದ್ದ ಹರಿದದ್ದನ್ನು ನೀಲಿ ದಾರದಿಂದ ಹೊಲಿದಿದ್ದರು. ನಕ್ಷೆಯಲ್ಲಿ ನದಿಗೂ ನೀಲಿಯೇ. ತೆಳು ಹಾಳೆಯ ಮೂಲಕ ದಾರ ನದಿಯಾಗಿ ಕಂಡಿದೆ. ಯಾವನೋ ಪುಣ್ಯಾತ್ಮ ಒಮ್ಮೆ ಎಳೆದಿದ್ದಾನೆ, ಉಳಿದವರು ವರ್ಷ ವರ್ಷವೂ ಹರಿಸಿಕೊಂಡು ಬಂದಿದ್ದೇವೆ.

ಮೇಷ್ಟ್ರ ಮುಖಕ್ಕೆ ಜೀವ ಬಂತು. "ಆಯ್ತಲ್ಲ! ತಪ್ಪು ನಿಮ್ದೂ ಅಲ್ಲ, ನಂದೂ ಅಲ್ಲ. ಆ ಅಮ್ಮಂದು. ಪ್ರಿನ್ಸಿಪಾಲರಿಗೆ ಒಂದು ಕಂಪ್ಲೇಂಟ್ ಬರೀರೋ. ಎಲ್ರೂ ಪಾಸು."

ಅಕ್ಷರ ಚೆನ್ನಾಗಿದೆಯೆಂದು ಬರೆಯುವ ಕೆಲಸ ನನಗೇ ಬಂತು. ಯಾರಿಗೂ ತಿಳಿಸದೆ ಅಟೆಂಡರ್ ನಕ್ಷೆ ಕೆಡಿಸಿದ್ದಾರೆ ಅಂತ ಬರೆದೆ. ಯಾರೂ ಹೇಳದಿದ್ದರೂ, "ವಿದ್ಯಾರ್ಥಿಗಳ ಮೇಲೆ ಸದಾ ಉರಿದು ಬೀಳುತ್ತಾರೆ" ಎಂದು ಕೈಯಿಂದ ಸೇರಿಸಿದೆ. "ಪಾಪ, ಕೆಲ್ಸ ಹೋದ್ರೂ ಹೋಗಬಹುದು ಕಣೋ," ಅಂದ ಒಬ್ಬ. ನಾನು ಪೆನ್ನಿನ ಮುಚ್ಚಳ ಹಾಕಿದೆ. ನನ್ನ ಕಣ್ಣ ಮುಂದೆ ಕುರ್ಚಿ ಇತ್ತು.

ಪ್ರಿನ್ಸಿಪಾಲ್ ಫಾದರ್ ಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಗಡಿಯಮ್ಮ ಕಂಕುಳಲ್ಲಿ ಎರಡು ಪುಸ್ತಕ ಇಟ್ಟುಕೊಂಡು ನಿಂತಿದ್ದರು.

"ಏನಮ್ಮ ಇದು?"

"ಅಕ್ಷರ ಚೆನ್ನಾಗಿದೆ, ಫಾದರ್."

ನಕ್ಷೆಗಳ ರಿಪೇರಿ ಬರೆದಿಡುವ ಪುಸ್ತಕ ಬಿಚ್ಚಿದರು. ಫಾದರ್ ಕೈ ಚಾಚಿದರೆ, "ನಾನೇ ಹಿಡ್ಕೋತೀನಿ, ನೀವು ಓದಿ," ಅಂದರು. ಹನ್ನೊಂದು ವರ್ಷದ ಹಿಂದಿನ ತಾರೀಖು, ಆಕೆಯದೇ ಅಕ್ಷರ. ಒಂಬತ್ತನೇ ನಕ್ಷೆ ಮಡಿಕೆಯಲ್ಲಿ ಹರಿದಿದೆ. ಆಫೀಸಿನಲ್ಲಿ ಬಿಳಿ ದಾರ ಕೇಳಿದೆ, ಇಲ್ಲ ಅಂದರು. ಸದ್ಯಕ್ಕೆ ನೀಲಿ ದಾರ ಹಾಕಿದ್ದೇನೆ. ಹುಡುಗರು ನದಿ ಅಂದುಕೊಂಡಾರು, ಮೇಷ್ಟ್ರು ಕ್ಲಾಸಿನಲ್ಲಿ ಹೇಳಬೇಕು. ಕೆಳಗೆ ಮೇಷ್ಟ್ರ ಸಹಿ.

ಮೇಷ್ಟ್ರು ತಮ್ಮ ಸಹಿಯನ್ನು ಬೇರೆ ಯಾರದೋ ಮಗುವನ್ನು ನೋಡುವಂತೆ ನೋಡಿದರು. "ದಿನಾ ಎಷ್ಟೋ ಸಹಿ ಹಾಕ್ತೀವಿ, ಫಾದರ್..."

ಆ ದಿನವೇ ಬರೆದು ತಾರೀಖು, ಸಹಿ ಹಾಕಿದ ಕಾಗದವೇ ಗಟ್ಟಿ ಸಾಕ್ಷಿ ಎಂದು ಇತಿಹಾಸದ ಸಿಸ್ಟರ್ ಮೂರು ವರ್ಷ ಹೇಳಿಕೊಟ್ಟಿದ್ದರು. ನಾನದನ್ನು ಐದು ಅಂಕಕ್ಕೆ ಬರೆದು ಮರೆತಿದ್ದೆ.

"ಇನ್ನೊಂದಿದೆ," ಅಂದರು ಗಡಿಯಮ್ಮ. ಅದು ಬಾಗಿಲಲ್ಲಿ ಹೆಸರು ಬರೆಸುವ ಪುಸ್ತಕ. "ಗಾಜಿನ ಹತ್ರ ಬಗ್ಗಿದ್ರೆ ದಾರದ ಗಂಟು ಕಾಣುತ್ತೆ, ಫಾದರ್. ಕುರುಡನಿಗೂ ಕಾಣುತ್ತೆ. ಈ ಹದಿನೇಳು ಜನದಲ್ಲಿ ಒಂಬತ್ತನೇ ನಕ್ಷೆಗೆ ಅಂತ ಒಬ್ಬನೂ ಬಂದಿಲ್ಲ. ಈ ಪಾರ್ಸೆಲ್ಲು ಇಡೀ ವರ್ಷಕ್ಕೆ ಎರಡು ಸಲ ಬಂದಿದ್ದಾನೆ. ಒಂದು ಸಲ ಬರೀ ಕೈ ತೋರ್ಸಿ ಹೋದ."

ಫಾದರ್ ಮೇಷ್ಟ್ರನ್ನು ಒಳಗೇ ಉಳಿಸಿಕೊಂಡು ನಮ್ಮನ್ನು ಹೊರಗೆ ಕಳಿಸಿದರು. ಹದಿನೇಳು ಜನರೂ ಪ್ರಾಕ್ಟಿಕಲ್ಲಿನಲ್ಲಿ ಫೇಲು. ಆರು ತಿಂಗಳ ನಂತರ ಮರುಪರೀಕ್ಷೆ, ಹದಿನಾಲ್ಕೂ ನಕ್ಷೆಗಳನ್ನು ಆ ಗಾಜಿನ ಮೇಜಿನ ಮೇಲೇ ಮತ್ತೆ ತೆಗೆಯಬೇಕು. ಕೌಂಟರಿನ ಕುರ್ಚಿ ಮ್ಯಾನೇಜರ ಬಾಮೈದನಿಗೆ ಹೋಯಿತು. ಅವನ ಹತ್ತಿರ ಯಾವ ಸರ್ಟಿಫಿಕೇಟೂ ಇರಲಿಲ್ಲ.

ಆ ಆರು ತಿಂಗಳಲ್ಲಿ ನಮ್ಮಿಬ್ಬರ ನಡುವೆ ವಿಶ್ವಾಸ ಬೆಳೆಯಿತು ಅಂತ ಬರೆದರೆ ಅವರೇ ಬಂದು ಹೊಡೆದು ಹಾಕುತ್ತಾರೆ. ವಾರಕ್ಕೆ ಎರಡು ದಿನ ಹೋಗುತ್ತಿದ್ದೆ, ಎರಡು ದಿನವೂ ಬೈಸಿಕೊಳ್ಳುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ, "ಅಮ್ಮಾ, ಆ ಕಾಗದ ಬರೆದದ್ದು ನಾನೇ," ಅಂದೆ.

"ಗೊತ್ತು. ಉರಿದು ಬೀಳ್ತೀನಿ ಅಂತ ಹಾಕಿದ್ದೆಯಲ್ಲ, ಅದೊಂದು ನಿಜ. ಬಲ್ಬು ಆರ್ಸು, ಗಾಜು ಕಾದಿದೆ."

ಮರುಪರೀಕ್ಷೆಗೆ ಬೇರೆ ಪರೀಕ್ಷಕರು ಬಂದರು. ನೀರು ಯಾವ ಕಡೆ ಇಳಿಯುತ್ತದೆ, ಯಾಕೆ, ಎಂದು ಕೇಳಿದರು. ಹಾಳೆ ನೋಡದೆ ಹೇಳಿದೆ. ಅಂಕದ ಪಟ್ಟಿ ಅಂಟಿಸಿದ ದಿನ ನೇರ ನಕ್ಷೆ ಕೋಣೆಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ, ಬಹುಶಃ ಒಂದು ಒಳ್ಳೆ ಮಾತಿಗೆ. ಗಡಿಯಮ್ಮ ಊಟದ ಡಬ್ಬಿ ಬಿಚ್ಚುತ್ತಿದ್ದರು.

"ಎಷ್ಟು?"

"ಮೂವತ್ತೆಂಟು."

"ಐವತ್ತಕ್ಕಾ?"

"ಹೂಂ."

"ನಾನಾಗಿದ್ರೆ ಇಪ್ಪತ್ತು ಕೊಡ್ತಿದ್ದೆ," ಎಂದು ಎದ್ದು ಬಾಗಿಲು ಹಾಕಿಕೊಂಡರು.

ಕಾರಿಡಾರಿನಲ್ಲಿ ಒಬ್ಬನೇ ನಿಂತು ಹಲ್ಲು ಕಡಿದೆ. ಮೆಟ್ಟಿಲು ಅರ್ಧ ಇಳಿದ ಮೇಲೆ ಹೊಳೆಯಿತು: ಪಾಸಾಗಲು ಹದಿನೆಂಟು ಸಾಕು.