ಸುಟ್ಟು ನೋಡಿದ ಹೆದೆ

ಕೊಳ್ಳೇಗಾಲದ ರೇಷ್ಮೆ ನೇಕಾರ ಸದಾಶಿವಪ್ಪನಿಗೆ ಅರವತ್ತು ದಾಟಿದರೂ ಪರರ ನೂಲಿನ ಮೇಲೆ ನಂಬಿಕೆ ಹುಟ್ಟಿರಲಿಲ್ಲ. ಎಳೆ ಕೈಗೆ ಬಂದರೆ ಸಾಕು, ಕಡ್ಡಿ ಗೀರಿ ತುದಿ ಸುಟ್ಟು ಮೂಸುವನು. ಸುಟ್ಟ ಕೂದಲಿನ ವಾಸನೆ ಬಂದರೆ ಅಸಲಿ ರೇಷ್ಮೆ. ಇಲ್ಲವಾದರೆ ತಂದವನ ಮಾನ ಹರಾಜು. "ನನ್ ಜಡೇನೂ ಸುಟ್ ನೋಡ್ಬುಡಿ" ಎಂದು ಹೆಂಡತಿ ಅನಸೂಯಮ್ಮ ರೇಗಿಸುತ್ತಿದ್ದಳು.

ಬಿಲ್ಲಿನ ವಿಷಯದಲ್ಲಿ ಮಾತ್ರ ಅವನ ಅನುಮಾನಕ್ಕೆ ಕಾರಣವಿತ್ತು. ಹತ್ತು ವರ್ಷದ ಮೊಮ್ಮಗಳು ಭವ್ಯ ಶಾಲೆಯ ಬಿಲ್ಲುಗಾರಿಕೆಗೆ ಸೇರಿದ್ದಳು. ಅಂಗಡಿಯೊಂದರಲ್ಲಿ ಗಟ್ಟಿ ಎಂದು ಆಣೆ ಇಟ್ಟು ಮಾರಿದ ಬಿಲ್ಲಿನ ಹೆದೆ ಮೂರನೇ ದಿನಕ್ಕೇ ಹರಿದು ಅವಳ ಹುಬ್ಬಿಗೆ ಬಡಿಯಿತು. ಕೂದಲೆಳೆಯಲ್ಲಿ ಕಣ್ಣು ಉಳಿಯಿತು. ಹುಡುಗಿ ಗಾಯಕ್ಕೆ ಅಳಲಿಲ್ಲ. "ಇನ್ನ ಬಿಲ್ಲು ಬ್ಯಾಡ" ಎಂದ ತಾತನ ಮಾತಿಗೆ ಅತ್ತಳು, ಊಟ ಬಿಟ್ಟಳು. ಮುದುಕ ಸೋತ.

ಮಕ್ಕಳಿಗೆ ಬಿದಿರಿನ ಬಿಲ್ಲು ಮಾಡುವ ದೊಡ್ಡಸಿದ್ದಯ್ಯ ಹೂಗ್ಯಂನಲ್ಲಿದ್ದಾನೆಂದು ಹನೂರಿನಲ್ಲಿ ಯಾರೋ ಹೇಳಿದರು. ಹೋದರೆ ಗೋಡೆಗೆ ಆರೇಳು ಬಿಲ್ಲು ಒರಗಿದ್ದವು, ಅವನು ಒಂದನ್ನೂ ಕೊಡಲೊಲ್ಲ.

"ಮಗ ಎಲ್ಲದೆ? ತೋಳು ನೋಡ್ದೆ ಬಿಲ್ಲು ಕೊಡಾಕಿಲ್ಲ ಸಾ."

ಅಲೆಸಿ ಬೆಲೆ ಏರಿಸುವ ಹೂಟ ಎಂದು ಒಳಗೇ ಬೈದುಕೊಂಡು, ಸದಾಶಿವಪ್ಪ ಮುಂದಿನ ಭಾನುವಾರ ಭವ್ಯಳನ್ನು ಕರೆತಂದ.

ದೊಡ್ಡಸಿದ್ದಯ್ಯ ಅವಳ ತೋಳನ್ನು ಚಾಚಿಸಿ ಅಳೆದ, ಒಂದು ಬಿಲ್ಲನ್ನು ಆರಿಸಿ ಕತ್ತಿಯಿಂದ ನಯವಾಗಿ ಹೆರೆದ, ನಾರಿನ ಹೆದೆ ಕಟ್ಟಿದ. ಹುಡುಗಿಯ ಮುಖ ಅರಳಿತು. ತಾತನದು ಅರಳಲಿಲ್ಲ.

"ಇದ್ಯಾವ ದಾರ?"

"ನಾರು ಸಾ, ನಾನೇ ಒಸ್ದಿದ್ದು."

ಎಲ್ಲರೂ ಹೀಗೇ ಹೇಳುತ್ತಾರೆ. ಸದಾಶಿವಪ್ಪ ಜೇಬಿಗೆ ಕೈ ಹಾಕಿ ಕಡ್ಡಿ ಗೀರಿಯೇಬಿಟ್ಟ. ಇಳಿಬಿದ್ದ ತುದಿಯನ್ನಷ್ಟೇ ಸುಡಬೇಕೆಂದಿದ್ದ. ಒಣಗಿದ ನಾರು, ಬೆರಳಲ್ಲಿ ಹೊಸಕುವಷ್ಟರಲ್ಲಿ ಬೆಂಕಿ ಗಂಟು ಮುಟ್ಟಿ ಹೆದೆ ಕಳಚಿ ಬಿತ್ತು.

ಭವ್ಯ ತುಟಿ ಕಚ್ಚಿಕೊಂಡಳು. ಸದಾಶಿವಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ದೊಡ್ಡಸಿದ್ದಯ್ಯ ಬೈಯಲಿಲ್ಲ. "ನನ್ತಾವ ಇನ್ನೊಂದು ನಾರಿಲ್ಲ. ನೂಲಿನೋರಲ್ವಾ, ನೀವೇ ಒಸೀರಿ" ಎಂದ.

ಪರರ ನೂಲಿನೊಡನೆ ಹೋಲಿಸಿ ನೋಡಲೆಂದು ಸದಾ ಚೀಲದಲ್ಲಿಟ್ಟುಕೊಳ್ಳುತ್ತಿದ್ದ ರೇಷ್ಮೆಯ ಲಡಿಯನ್ನು ಸದಾಶಿವಪ್ಪ ಬಿಚ್ಚಿದ. ಪಂಚೆ ಮೇಲೆತ್ತಿ ತೊಡೆಯ ಮೇಲೆ ಎಳೆಗೆ ಎಳೆ ಸೇರಿಸಿ ಹೊಸೆದು ಹುರಿ ಮಾಡಿದ. ದೊಡ್ಡಸಿದ್ದಯ್ಯ ಅದನ್ನು ಕಟ್ಟಿ, ಮೀಟಿ, ತಲೆದೂಗಿದ.

ಭವ್ಯ ಬಾಣ ಹೂಡಿದಳು. ಇಷ್ಟು ದಿನ ಸದಾಶಿವಪ್ಪನಿಗೆ ಬೈಯಲು ಅಂಗಡಿಯವನಿದ್ದ, ನೂಲಿನ ದಲ್ಲಾಳಿಯಿದ್ದ. ಈ ದಾರ ಹರಿದರೆ ಯಾರನ್ನು ಬೈಯುವುದು? ಒಂದು ಎಳೆ ಸಡಿಲ ಬಿಟ್ಟೆನೇನೋ!

"ತಡಿ ಮಗಾ!" ಎಂದವನೇ ಅವಳ ಹುಬ್ಬಿನ ಗಾಯಕ್ಕೆ ಅಂಗೈ ಅಡ್ಡ ಹಿಡಿದ.

"ಇದ್ನೂ ಸುಟ್ ನೋಡೀರಾ ಸಾ?" ಎಂದ ದೊಡ್ಡಸಿದ್ದಯ್ಯ.

ಸದಾಶಿವಪ್ಪ ಅಂಗೈ ಸರಿಸಲಿಲ್ಲ. ಹೆದೆಯಷ್ಟೇ ಬಿಗಿಯಾಗಿ ನಿಂತ ಹುಡುಗಿ ಮೆಲ್ಲಗೆ ಹೇಳಿದಳು:

"ಕೈ ತಗಿ ತಾತ, ಗುರಿ ಕಾಣಾಕಿಲ್ಲ."

ಅವನು ಕೈ ತೆಗೆದ.