ಸಾನ್ನಾಕ್ಕೆಂದು ತಂದ ಕಳ್ಳು

ಐವತ್ತರ ದಶಕ, ನಾನು ಮದುವೆಯಾಗಿ ಮುಂಬಯಿಗೆ ಬಂದ ಹೊಸತು. ಅತ್ತೆ ಮಂಗಳೂರಿನಿಂದ ಬೈಕುಲ್ಲಾದ ಚಾಳಿನ ನಮ್ಮ ಮನೆಗೆ ಔಷಧಿಗೆಂದು ಬಂದಿದ್ದರು. ಹೊಟ್ಟೆಯಲ್ಲಿ ಗಡ್ಡೆ, ಬಾಯಿಗೆ ಏನೂ ಸೇರುತ್ತಿರಲಿಲ್ಲ. ಕ್ರಿಸ್‌ಮಸ್ ಹತ್ತಿರ ಬಂದಾಗ ಒಂದೇ ಒಂದು ಆಸೆ ಹೇಳಿದರು: ಸಾನ್ನಾ ತಿನ್ನಬೇಕು. ಅಕ್ಕಿ ಹಿಟ್ಟನ್ನು ಉಬ್ಬಿಸಿ ಹಬೆಯಲ್ಲಿ ಬೇಯಿಸುವ ಸಾನ್ನಾ ಇಲ್ಲದೆ ನಮ್ಮ ಕಡೆಯ ಕ್ರೈಸ್ತರ ಮನೆಯಲ್ಲಿ ಹಬ್ಬವೇ ಇಲ್ಲ. ಚಾಳಿನ ಹೆಂಗಸರು ಹಿಟ್ಟಿಗೆ ಬೇಕರಿಯ ಈಸ್ಟ್ ಹಾಕುತ್ತಿದ್ದರು. ಅತ್ತೆ ಅಂಥ ಸಾನ್ನಾವನ್ನು ಮೂಸಿ ನೋಡಿ ತಟ್ಟೆ ದೂಡಿದ್ದರು. ಅವರಿಗೆ ಊರಿನ ಹಾಗೆ ಹಿಟ್ಟು ಉಬ್ಬಿಸಲು ಕಳ್ಳೇ ಆಗಬೇಕು.

ಆಗ ಮುಂಬಯಿಯಲ್ಲಿ ದಾರೂಬಂದಿ, ಹೆಂಡ ಕಳ್ಳು ಎಲ್ಲಕ್ಕೂ ನಿಷೇಧ. ನನ್ನ ಗಂಡ ಸರಕಾರಿ ಗುಮಾಸ್ತ. ಮನೆಯಲ್ಲಿ ಒಂದು ಬಾಟಲಿ ಸಿಕ್ಕಿದರೆ ನೌಕರಿ ಹೋಯಿತು, ನಾವು ಬೀದಿಪಾಲು. ಅವರಿಗೆ ಹೇಳದೆ ನಾನೊಂದು ಉಪಾಯ ಹೂಡಿದೆ, ಮಹಾ ಜಾಣೆ. ಮರದಿಂದ ಆಗಷ್ಟೇ ಇಳಿಸಿದ, ಹುಳಿ ಬಾರದ ಬೆಳಗಿನ ಸಿಹಿ ನೀರಾಕ್ಕೆ ಅಡ್ಡಿಯಿರಲಿಲ್ಲ. ಪಟ್ಟಣದಾಚೆಯ ವಸಾಯಿಗೆ ಹೋಗಿ ನೀರಾ ತಂದಿಟ್ಟರೆ ಮನೆಯಲ್ಲೇ ಹುಳಿ ಬಂದು ಕಳ್ಳಾಗುತ್ತದೆ ಎಂದುಕೊಂಡೆ.

ಬಾಟಲಿಗೆ ನೀರಾ ತುಂಬಿಸಿಕೊಂಡು ವಾಪಸು ಹೊರಟಾಗ ಲೋಕಲ್ ತಡವಾಯಿತು. ದಾದರಿನಲ್ಲಿ ಗಾಡಿ ಬದಲಿಸುವಾಗ ಬಿಸಿಲು ನೆತ್ತಿಗೇರಿತ್ತು, ಚೀಲದೊಳಗೆ ನೀರಾ ಆಗಲೇ ಹುಳಿ ಬಂದು ಬಾಟಲಿ ಬುಸುಗುಡುತ್ತಿತ್ತು. ಹೆಂಗಸರ ಡಬ್ಬಿಯಲ್ಲಿ ಪಕ್ಕದವಳು ಮೂಗಿಗೆ ಸೆರಗು ಹಿಡಿದಾಗ ಚೀಲವನ್ನು ಎದೆಗೆ ಒತ್ತಿ ಹಿಡಿದೆ. ಪ್ರತಿ ಸ್ಟೇಷನ್ನಿನಲ್ಲೂ ಇಳಿದು ಓಡಿಬಿಡಲೇ ಎನ್ನಿಸಿತು.

ಬೈಕುಲ್ಲಾದಲ್ಲಿ ಇಳಿದರೆ ಗೇಟಿನ ಹತ್ತಿರ ಪೊಲೀಸ್. ಒಬ್ಬ ಮುದುಕನ ಗಂಟು ಬಿಚ್ಚಿಸಿ ನೋಡುತ್ತಿದ್ದ. ಅಷ್ಟರಲ್ಲಿ ಬಿರಡೆ ಹಾರಿ, ನೊರೆ ಉಕ್ಕಿ ಸೆರಗೆಲ್ಲ ತೊಯ್ದುಹೋಯಿತು. ಯಾರು ನೋಡಿದರೋ ಗೊತ್ತಿಲ್ಲ, ಹೆದರಿಕೆಗೆ ನನಗೆ ಕಣ್ಣೇ ಕಾಣಲಿಲ್ಲ. ಪ್ಲಾಟ್‌ಫಾರ್ಮಿನ ನಲ್ಲಿಯ ಕೆಳಗೆ ಬಾಟಲಿ ಬಗ್ಗಿಸಿ ಕೊನೆಯ ಹನಿಯವರೆಗೂ ಸುರಿದುಬಿಟ್ಟೆ. ಗೇಟು ದಾಟುವಾಗ ಪೊಲೀಸ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದು, ಕಳ್ಳು ಎಲ್ಲೂ ಸಿಗಲಿಲ್ಲ ಎಂದು ಅತ್ತೆಗೆ ಹೇಳಿದೆ. ಅವರು ನನ್ನನ್ನು ಹತ್ತಿರ ಕರೆದರು. ಒದ್ದೆ ಸೆರಗನ್ನು ಹಿಡಿದು ಮೂಗಿಗೆ ಒತ್ತಿಕೊಂಡರು. ಸುಳ್ಳು ಸಿಕ್ಕಿಬಿತ್ತು, ಇನ್ನು ಬೈಗುಳ ಎಂದುಕೊಂಡು ತಲೆ ತಗ್ಗಿಸಿ ನಿಂತೆ.

“ಒಳ್ಳೆ ಕಳ್ಳೇ ಸಿಕ್ಕಿತ್ತಲ್ಲ ಮಾರಾಯ್ತಿ,” ಎಂದರು. “ಈ ಸೀರೆ ಈಗಲೇ ಒಗೀಬೇಡ. ಇವತ್ತೊಂದು ದಿನ ನನ್ನ ಹತ್ರ ಇರ್ಲಿ.”

ಸೀರೆ ಬದಲಿಸಿ ಅದನ್ನು ಅವರ ದಿಂಬಿನ ಮೇಲಿಟ್ಟೆ. ಅವರು ಅದರಲ್ಲಿ ಮುಖವಿಟ್ಟು ಮಲಗಿದರು. ನಾನು ವಾಸನೆ ಹೊರಗೆ ಹೋಗದಂತೆ ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ, ಗಂಡ ಬರುವವರೆಗೂ ಮೆಟ್ಟಿಲ ಸದ್ದಿಗೆ ಕಿವಿಗೊಟ್ಟು ಕುಳಿತೆ.